ಹೊಸತೊಡಕಿನ ಬಾಟಲಿ

ಹೊಳೆಯ ಆಚೆ ದಡದಲ್ಲಿ ಊರು, ಈಚೆ ದಡದಲ್ಲಿ ಆಶ್ರಮ. ನಡುವೆ ಒಂದು ಹರಿಗೋಲು.

ಆಶ್ರಮವೆಂದರೆ ದೊಡ್ಡದೇನಲ್ಲ. ನಾಲ್ಕು ಕೋಣೆ, ಒಂದು ಅಡುಗೆಮನೆ, ನೀರಿಗಿಳಿಯಲು ಹತ್ತು ಮೆಟ್ಟಿಲು. ಹಿತ್ತಲಲ್ಲಿ ಸೊಪ್ಪುಗೊಬ್ಬರದ ಗಿಡಗಳಿಗೆ ಹಬ್ಬಿಸಿದ ವೆನಿಲ್ಲಾ ಬಳ್ಳಿ.

ಗುರುಗಳ ಹೆಸರು ಮಾಲಿಂಗಯ್ಯ. ಎಲ್ಲರೂ ಅವರನ್ನು ‘ಬುದ್ಧಿ’ ಎಂದೇ ಕರೆಯುತ್ತಿದ್ದರು. ಅವರ ಉಪದೇಶ ಕೇಳಿದವರು ಕಡಿಮೆ. ಅವರು ಬಳ್ಳಿಗೆ ನೀರು ಹಾಕುವುದನ್ನು ನೋಡಿದವರೇ ಹೆಚ್ಚು.

ಶಿಷ್ಯನ ಹೆಸರು ಷಡಕ್ಷರಿ. ಮೂವತ್ತೈದು ದಾಟಿದವನು, ಮೊದಲು ದೂರದ ತನ್ನೂರಿನಲ್ಲಿ ಮೇಷ್ಟರಾಗಿದ್ದವನು. ಆಶ್ರಮಕ್ಕೆ ಬಂದು ಐದು ವರ್ಷವಾಗಿತ್ತು.

ಅವನಿಗೆ ಎಲ್ಲವೂ ಶುದ್ಧವಾಗಿರಬೇಕು. ತೊಳೆದಿಟ್ಟ ಪಾತ್ರೆಯನ್ನು ಇನ್ನೊಮ್ಮೆ ತೊಳೆಯುತ್ತಿದ್ದ. ಅವನು ಒರೆಸಿದ ನೆಲದ ಮೇಲೆ ಕಾಲಿಡಲು ಆಶ್ರಮದ ಬೆಕ್ಕೂ ಹಿಂದುಮುಂದು ನೋಡುತ್ತಿತ್ತು.

ಆ ವರ್ಷ ಯುಗಾದಿ ಕಳೆದು ಬರುವ ಹುಣ್ಣಿಮೆಗೆ ಅವನಿಗೆ ದೀಕ್ಷೆ ಕೊಡುವುದೆಂದು ಗುರುಗಳು ಹೇಳಿದ್ದರು. ಷಡಕ್ಷರಿ ದಿನ ಎಣಿಸುತ್ತಿದ್ದ.

ಒಂದು ವಿಷಯವನ್ನು ಮಾತ್ರ ಅವನು ಗುರುಗಳಿಗೆ ಹೇಳಿರಲಿಲ್ಲ.

ಹಿಂದಿನ ವರ್ಷ ಅವನ ಅಪ್ಪ ಹರಿಗೋಲು ಹತ್ತಿ ಆಶ್ರಮದ ಬಾಗಿಲಿಗೆ ಬಂದಿದ್ದ. ಯಾವಾಗಲೂ ಕುಡಿಯುತ್ತಿದ್ದವನು ಅವತ್ತೂ ಕುಡಿದಿದ್ದ.

“ಒಂಚೂರು ಕೂತ್ಕಂಡು ಹೋಯ್ತೀನಿ ಕಣ್ಮಗ” ಎಂದಿದ್ದ ಅಪ್ಪ.

“ಈ ವಾಸನೆ ಇಟ್ಕೊಂಡು ಒಳಗೆ ಬರಬೇಡ” ಎಂದು ಷಡಕ್ಷರಿ ಬಾಗಿಲಿಗೆ ಅಡ್ಡ ನಿಂತಿದ್ದ.

ಅಪ್ಪ ಜಗಳವಾಡಲಿಲ್ಲ. ಬಂದ ಹರಿಗೋಲಿನಲ್ಲೇ ವಾಪಸು ಹೋದ. ಗುರುಗಳು ಆ ಹೊತ್ತಿನಲ್ಲಿ ಹಿತ್ತಲಲ್ಲಿದ್ದರು. ಅವರಿಗೆ ತಿಳಿಯಲಿಲ್ಲವೆಂದು ಷಡಕ್ಷರಿ ಸಮಾಧಾನ ಮಾಡಿಕೊಂಡಿದ್ದ.

ಯುಗಾದಿಗೆ ಇನ್ನು ಎಂಟು ದಿನವಿರುವಾಗ ಗುರುಗಳು ಅವನನ್ನು ಕರೆದರು.

“ನನ್ನ ಕೋಣೆಯ ಮರದ ಪೆಟ್ಟಿಗೇಲಿ ಒಂದು ಕಂದು ಬಾಟಲಿ ಇದೆ. ವೆನಿಲ್ಲಾ ಅರ್ಕ. ಕಾಯಿ ಸೀಳಿ ಹಾಕಿ ಒಂದು ವರ್ಷ ಆಯ್ತು. ಬಟ್ಟೇಲಿ ಸೋಸಿ, ಅದೇ ಬಾಟಲಿಗೆ ತುಂಬಿ, ಬಿರಡೆ ಹಾಕಿಡು. ಹೊಸತೊಡಕಿನ ದಿನ ಚೆಲುವಯ್ಯ ಬರ್ತಾನೆ, ಅವನಿಗೆ ಕೊಡಬೇಕು.”

“ಇಷ್ಟು ವರ್ಷ ತಾವೇ ಮಾಡ್ತಿದ್ರಲ್ಲ ಬುದ್ಧಿ.”

“ಕಣ್ಣು ಮಂಜಾಗಿದೆ ಕಣಪ್ಪ. ಸೋಸಿದ್ದೆಷ್ಟು, ಚೆಲ್ಲಿದ್ದೆಷ್ಟು ಗೊತ್ತಾಗಲ್ಲ.”

ಚೆಲುವಯ್ಯ ಆಚೆ ಊರಿನ ಬೇಕರಿಯವನು. ವರ್ಷಕ್ಕೊಂದು ಸಲ, ಹೊಸತೊಡಕಿನ ದಿನ, ಕೈಚೀಲ ಹಿಡಿದು ಬರುತ್ತಿದ್ದ. ಗುರುಗಳ ಕೋಣೆಯಲ್ಲಿ ಒಂದು ಗಳಿಗೆ ಕೂತು, ಒಂದು ಬಾಟಲಿ ತೆಗೆದುಕೊಂಡು ಹೋಗುತ್ತಿದ್ದ. ಷಡಕ್ಷರಿಗೆ ತಿಳಿದಿದ್ದು ಅಷ್ಟೇ.

ಹೊಸತೊಡಕು ಎಂದರೆ ಯುಗಾದಿಯ ಮರುದಿನ. ಆ ಸೀಮೆಯಲ್ಲಿ ಅವತ್ತು ಮನೆಮನೆಯಲ್ಲೂ ಮಾಂಸದಡುಗೆ, ಕುಡಿಯುವವರಿಗೆ ಕುಡಿತ. ಅವತ್ತು ಮಾಡಿದ ಕೆಲಸವೇ ವರ್ಷವೆಲ್ಲ ನಡೆಯುತ್ತದೆ ಎಂದು ಜನ ನಂಬಿದ್ದರು. ಆಶ್ರಮಕ್ಕೆ ಅವತ್ತು ಬರುವವರು ಚೆಲುವಯ್ಯನೊಬ್ಬನೇ.

ಷಡಕ್ಷರಿ ಬಾಟಲಿಯನ್ನು ಅಡುಗೆಮನೆಗೆ ತಂದ. ಪಾತ್ರೆಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿದ. ಬಿರಡೆ ತೆಗೆದ.

ತೆಗೆದವನು ಹಾಗೇ ನಿಂತ.

ಬ್ರಾಂದಿಯ ವಾಸನೆ. ಅದರ ಹಿಂದೆ ಇನ್ನೂ ಏನೋ ಇತ್ತು. ಅವನು ಅಲ್ಲಿಯವರೆಗೆ ಹೋಗಲಿಲ್ಲ. ಚಿಕ್ಕಂದಿನಿಂದ ಅಪ್ಪನ ಅಂಗಿಯಲ್ಲಿ ಮೂಸಿದ ವಾಸನೆ ಇದು, ಬೇರೆ ಪರೀಕ್ಷೆ ಬೇಕಿರಲಿಲ್ಲ.

ಯಾರೋ ಗುರುಗಳಿಗೆ ಮೋಸ ಮಾಡಿದ್ದಾರೆ ಎಂದುಕೊಂಡ. ಕಣ್ಣು ಮಂಜಾದವರಿಗೆ ಔಷಧಿ ಎಂದೋ ಸುಗಂಧ ಎಂದೋ ಹೇಳಿ ಹೆಂಡದ ಬಾಟಲಿ ದಾಟಿಸಿದ್ದಾರೆ. ನಾಳೆ ಊರಿಗೆ ತಿಳಿದರೆ ಗುರುಗಳ ಹೆಸರು ಏನಾಗಬೇಕು?

ಮೆಟ್ಟಿಲಿಳಿದು ಎಲ್ಲವನ್ನೂ ಹೊಳೆಗೆ ಸುರಿದ. ಒಂದು ಕ್ಷಣ ನೀರು ಕಂದಾಗಿ, ಮತ್ತೆ ನೀರಿನಂತಾಯಿತು.

ಸೀಳಿದ ಹನ್ನೆರಡು ಕಾಯಿಗಳು ಬಟ್ಟೆಯಲ್ಲಿ ಉಳಿದಿದ್ದವು. ಅವುಗಳನ್ನು ತೊಳೆದು ಬಾಟಲಿಗೆ ಹಾಕಿದ. ಕಾಯಿಸಿ ಆರಿಸಿದ ನೀರು ತುಂಬಿದ. ಬಣ್ಣಕ್ಕೆ ಒಂದು ಅಚ್ಚು ಬೆಲ್ಲ ಕರಗಿಸಿದ. ಬಿರಡೆ ಜಡಿದು, ಸೋರದಿರಲೆಂದು ಮೇಲೆ ದಾರ ಬಿಗಿದ.

ಗುರುಗಳ ಮಾನ ಉಳಿಸಿದೆ ಎಂಬ ತೃಪ್ತಿಯಲ್ಲಿ ಅವತ್ತು ಎರಡು ತುತ್ತು ಹೆಚ್ಚಿಗೇ ಉಂಡ.

ಹೊಸತೊಡಕಿನ ಬೆಳಿಗ್ಗೆ ಚೆಲುವಯ್ಯ ಬಂದ. ಐವತ್ತರ ಮೇಲಿನ ದಪ್ಪ ಆಳು, ಉಗುರಿನ ಸಂದಿಯಲ್ಲಿ ಮೈದಾ. ಕೈಚೀಲದಿಂದ ಬೆಣ್ಣೆ ಬನ್ನಿನ ಪೊಟ್ಟಣ ತೆಗೆದ. ಅದರ ಹಿಂದೆಯೇ ಬ್ರಾಂದಿಯ ಬಾಟಲಿಯೊಂದನ್ನು ತೆಗೆದ. ಸೀಲು ಒಡೆದಿರಲಿಲ್ಲ. ಎರಡನ್ನೂ ಗುರುಗಳ ಮುಂದಿಟ್ಟು ಅಡ್ಡಬಿದ್ದ.

“ಒಂಬತ್ತಾಯ್ತು ಬುದ್ಧಿ.”

“ಒಂಬತ್ತಾಯ್ತಾ” ಎಂದರು ಗುರುಗಳು. ಅವರ ಮುಖ ಅರಳಿತು.

ಷಡಕ್ಷರಿಗೆ ಅರ್ಥವಾಗಲಿಲ್ಲ. ಸೀಲು ಹಾಕಿದ ಬಾಟಲಿಯನ್ನು ನೋಡಿ ಮೈ ಉರಿಯಿತು. ಕಂದು ಬಾಟಲಿಯನ್ನು ತಂದು ಚೆಲುವಯ್ಯನ ಕೈಗಿತ್ತ.

ಚೆಲುವಯ್ಯ ಅದನ್ನು ಕಣ್ಣಿಗೊತ್ತಿಕೊಂಡ. ದಾರ ಬಿಚ್ಚಿದ.

ಬಿರಡೆ ಹಾರಿ ಸೂರಿಗೆ ಬಡಿಯಿತು. ಬುರುಬುರು ನೊರೆ ಉಕ್ಕಿ ಅವನ ಕೈ, ಅಂಗಿ, ತೊಡೆಯ ಮೇಲೆಲ್ಲ ಹರಿಯಿತು. ಹುಳಿ ಹೆಂಡದ ವಾಸನೆ ಕೋಣೆ ತುಂಬಿತು. ಬೆಲ್ಲದ ನೀರು ಎಂಟು ದಿನದಲ್ಲಿ ತನ್ನ ಕೆಲಸ ಮಾಡಿತ್ತು.

ಚೆಲುವಯ್ಯ ಬೆರಳ ಮೇಲಿನ ನೊರೆಯನ್ನು ನೋಡಿದ. ಅವನ ಕೈ ತಾನಾಗಿ ಒಂದಿಷ್ಟು ಮೇಲೆ ಬಂತು, ಬಾಯಿಯ ಕಡೆಗೆ.



ಅವನು ಬಾಟಲಿಯನ್ನು ನೆಲಕ್ಕಿಟ್ಟ. ಎದ್ದು ಹೊರಗೆ ಹೋದ. ಮೆಟ್ಟಿಲಿಳಿದು, ಮೊಣಕೈವರೆಗೆ ಎರಡೂ ಕೈಗಳನ್ನು ನೀರಿನಲ್ಲಿ ಮುಳುಗಿಸಿ ಕೂತ.

ಗುರುಗಳು ಬಾಟಲಿಯನ್ನು ಮೂಸಿದರು.

“ಏನು ಹಾಕಿದೆ?”

“ಕಾಯಿಸಿದ ನೀರು ಬುದ್ಧಿ. ಬಣ್ಣಕ್ಕೆ ಬೆಲ್ಲ.”

“ಇದರಲ್ಲಿದ್ದದ್ದು?”

“ಹೊಳೆಗೆ ಸುರಿದೆ. ಅದು ಹೆಂಡ. ಆಶ್ರಮದಲ್ಲಿ ಹೆಂಡ ಇರಬಾರದು ಅಂತ.”

“ಈ ಆಶ್ರಮ ಕಟ್ಟಿ ನಲವತ್ತು ವರ್ಷ” ಎಂದರು ಗುರುಗಳು. “ಇಲ್ಲಿಗೆ ಹೆಂಡ ಬಂದದ್ದುಂಟು. ಇಲ್ಲೇ ಹೆಂಡ ತಯಾರು ಮಾಡಿದವನು ನೀನೇ ಮೊದಲು.”

ಬೇರೆ ದಿನವಾಗಿದ್ದರೆ ಅವರೇ ನಗುತ್ತಿದ್ದರು. ಅವತ್ತು ನಗಲಿಲ್ಲ.

“ತಪ್ಪಾಯ್ತು ಬುದ್ಧಿ.”

“ನನ್ನ ಹತ್ರ ಯಾಕೆ ಹೇಳ್ತೀಯ? ಬಾಟಲಿ ನಂದಲ್ಲ.”

ಷಡಕ್ಷರಿ ಮೆಟ್ಟಿಲಿಳಿದ. ಚೆಲುವಯ್ಯನ ಪಕ್ಕದಲ್ಲಿ ನಿಂತ. ಎಷ್ಟು ಹೊತ್ತಾದರೂ ಅವನು ತಲೆಯೆತ್ತದಿದ್ದಾಗ ತಾನೂ ಕೂತ.

“ಬಾಟಲಿ ಚೆಲ್ಲಿದ್ದು ನಾನು ಚೆಲುವಯ್ಯನೋರೆ.”

“ಗೊತ್ತಾಯ್ತು ಬುಡಿ ಸ್ವಾಮಿ.”

“ಅದು ಏನು ಅಂತ ನನಗೆ ಗೊತ್ತಿರಲಿಲ್ಲ.”

“ಎಂಗೆ ಗೊತ್ತಾದದು? ಬುದ್ಧಿಯೋರು ಯಾರ ವಿಷಯಾನೂ ಯಾರ್ಗೂ ಹೇಳಲ್ಲ.” ಚೆಲುವಯ್ಯ ನೀರಿನಿಂದ ಕೈ ತೆಗೆಯಲಿಲ್ಲ. “ಒಂಬತ್ತು ವರ್ಸದ ಕೆಳಗೆ, ಹೊಸತೊಡಕಿನ ದಿನ, ಇದೇ ಮೆಟ್ಲು ಮೇಲೆ ಬಿದ್ದಿದ್ದೆ. ಎಂಡ್ರು ತೌರಿಗೆ ಹೋಗಿದ್ಲು. ಬೇಕರಿ ಬಾಗ್ಲು ಹಾಕಿ ಆರು ತಿಂಗ್ಳಾಗಿತ್ತು. ಕೈಲಿ ಒಂದು ಬಾಟ್ಲಿ, ಇನ್ನೂ ಬಿಚ್ಚಿರ್ನಿಲ್ಲ.”

“ಗುರುಗಳು ಬಂದರಾ?”

“ಬಂದು ಪಕ್ಕದಲ್ಲಿ ಕೂತ್ಕಂಡ್ರು. ಬಿಸಾಕು ಅಂತಾರೆ ಅನ್ಕಂಡೆ. ಅನ್ನಿಲ್ಲ. ‘ಈ ಬಾಟ್ಲಿ ನಂಗೆ ಬೇಕಾಗಿತ್ತಲ್ಲ, ಕೊಡ್ತೀಯ?’ ಅಂದ್ರು. ನಿಮಗ್ಯಾಕೆ ಬುದ್ಧಿ ಅಂದೆ. ‘ನಮ್ಮ ಬಳ್ಳೀಲಿ ಕಾಯಿ ಬಿಟ್ಟಿದೆ. ಒಳಗೆ ಒಳ್ಳೆ ಪರಿಮಳ ಇದೆ, ಈಚೆಗೆ ಬರ್ತಿಲ್ಲ. ನೀರಿಗೆ ಹಾಕಿದೆ, ಬರಲಿಲ್ಲ. ಹಾಲಿಗೆ ಹಾಕಿದೆ, ಅದೇ ಕೆಟ್ಟೋಯ್ತು. ಇದಕ್ಕೆ ಹಾಕಿದ್ರೆ ಬರುತ್ತಂತೆ’ ಅಂದ್ರು.”

ಚೆಲುವಯ್ಯ ನೀರಿನಿಂದ ಕೈ ಎತ್ತಿ ಕೊಡವಿದ.

“ನನ್ನ ಕೈಲಿರೋದು ಒಬ್ರಿಗೆ ಬೇಕು ಅಂತ ಅವತ್ತೇ ಕಣ್ ಸ್ವಾಮಿ ಮೊದಲು ಕೇಳಿದ್ದು. ಕೊಟ್ಬುಟ್ಟೆ. ಒಂದು ವರ್ಸ ಬುಟ್ಟು ಬಾ, ಅರ್ಕ ಕೊಡ್ತೀನಿ ಅಂದ್ರು. ಅದನ್ನ ನೋಡೋಕಾದ್ರೂ ಬದುಕಿರೋಣ ಅನ್ನಿಸ್ತು.”

“ಅವತ್ತೇ ಕುಡಿತ ಬಿಟ್ರಲ್ಲ. ಮತ್ತೆ ವರ್ಷ ವರ್ಷ ಯಾಕೆ ಕೊಳ್ತೀರಿ?”

“ಎಲ್ಲಿ ಬುಟ್ಟಿದ್ದೀನಿ? ಮುನ್ನೂರರವತ್ತು ದಿನ ಎಂಗೋ ಕಳೀತೀನಿ. ಹೊಸತೊಡಕಿನ ದಿನ ಕಾಲು ತಾನಾಗೇ ಆ ಅಂಗ್ಡಿಗೆ ಹೋಯ್ತದೆ. ಕೈ ತಾನಾಗೇ ಬಾಟ್ಲಿ ತಗತದೆ. ತಗಂಡ್ಮೇಲೆ ಎಲ್ಲಿಗೆ ಹೋಗ್ಬೇಕು ಅಂತ ಒಂದು ಜಾಗ ಐತೆ ನಂಗೆ. ಅದ್ಕೇ ಬದುಕಿದ್ದೀನಿ.”

ಷಡಕ್ಷರಿ ನೀರು ನೋಡುತ್ತ ಕೂತ.

“ಆ ಎಸೆನ್ಸ್ ಬಾಟ್ಲಿನ ಒಲೆ ಪಕ್ಕ ಇಟ್ಕತೀನಿ” ಎಂದ ಚೆಲುವಯ್ಯ. “ಕೇಕಿಗೆ ಒಂದೊಂದು ಚಮಚ ಹಾಕ್ದಾಗ್ಲೂ, ಇದನ್ನ ನಾನು ಕುಡೀಲಿಲ್ಲ ಅಂತ ಗ್ಯಾನ ಬತ್ತದೆ. ಈ ವರ್ಸ ಏನು ನೋಡ್ಕಂಡಿರ್ಲಿ?”

“ನಿಮ್ಮ ಒಂದು ವರ್ಷಾನ ನಾನು ಹೊಳೆಗೆ ಸುರಿದುಬಿಟ್ಟೆ.”

“ಕಳೆದ ವರ್ಸ ಎಲ್ಲೂ ಹೋಗಿಲ್ಲ ಸ್ವಾಮಿ, ಅದನ್ನ ನಾನು ಕಳೆದಾಯ್ತು. ಮುಂದಿನ ವರ್ಸದ್ದೇ ಭಯ.”

ಇಬ್ಬರೂ ಮೆಟ್ಟಿಲು ಹತ್ತಿ ಬಂದಾಗ ಗುರುಗಳು ಬಾಟಲಿಯನ್ನು ತಿಪ್ಪೆಗೆ ಬಗ್ಗಿಸಿ, ಬಿಸಿನೀರಿನಲ್ಲಿ ತೊಳೆದು, ಒರೆಸಿಟ್ಟಿದ್ದರು. ಮುಂದೆ ಒಂದು ಎಲೆಯ ಮೇಲೆ ಈ ವರ್ಷದ ಹನ್ನೆರಡು ಕಾಯಿ. ಕಪ್ಪಗೆ, ಮೆತ್ತಗೆ, ಎಣ್ಣೆ ಹಚ್ಚಿದಂತೆ ಹೊಳೆಯುತ್ತಿದ್ದವು. ಪಕ್ಕದಲ್ಲಿ ಚಾಕು, ಚೆಲುವಯ್ಯ ತಂದ ಬ್ರಾಂದಿ.

“ಸೀಳು” ಎಂದರು ಷಡಕ್ಷರಿಗೆ.

ಅವನು ಒಂದೊಂದು ಕಾಯಿಯನ್ನೂ ಉದ್ದಕ್ಕೆ ಸೀಳಿದ. ಒಳಗೆ ಸಾಸಿವೆಗಿಂತ ಸಣ್ಣ ಕರಿ ಬೀಜ, ಬೆರಳಿಗೆಲ್ಲ ಅಂಟಿತು. ಕಾಯಿಗಳನ್ನು ಬಾಟಲಿಗೆ ಇಳಿಬಿಟ್ಟ.

“ಈಗ ಸೀಲು ಒಡಿ.”

“ಬುದ್ಧಿ, ನಾನಾ?”

“ಇನ್ಯಾರು? ಅವನಿಗೆ ಹೇಳಲಾ?”

ಚೆಲುವಯ್ಯ ಆಗಲೇ ಹೊಳೆಯ ಕಡೆ ಮುಖ ತಿರುಗಿಸಿ ಕೂತಿದ್ದ.

ಷಡಕ್ಷರಿ ಸೀಲು ಒಡೆದ. ಸುರಿದ. ಕಾಯಿ ಪೂರ್ತಿ ಮುಳುಗುವವರೆಗೆ ಸುರಿದು, ಬಿರಡೆ ಹಾಕಿ, ಉಸಿರು ಬಿಟ್ಟ.

“ದಿನಾ ಬೆಳಿಗ್ಗೆ ಇದನ್ನ ಒಂದು ಸಲ ಅಲ್ಲಾಡಿಸು” ಎಂದರು ಗುರುಗಳು. “ಬಿಸಿಲಿಗೆ ಇಡಬೇಡ. ಮತ್ತೆ ಮತ್ತೆ ತೆಗೆದು ನೋಡಬೇಡ. ಪ್ರತಿ ಶುಕ್ರವಾರ ಹೊಳೆ ದಾಟಿ ಬೇಕರಿಗೆ ಹೋಗು. ಬಾಟಲಿ ಹೇಗಿದೆ ಅಂತ ಚೆಲುವಯ್ಯನಿಗೆ ಹೇಳಿ ಬಾ.”

“ಏನಂತ ಹೇಳಲಿ ಬುದ್ಧಿ?”

“ಇದ್ದದ್ದನ್ನ.”

ಷಡಕ್ಷರಿ ತಡೆದು ತಡೆದು ಕೇಳಿದ. “ಹುಣ್ಣಿಮೆಗೆ ದೀಕ್ಷೆ ಅಂದಿದ್ರಿ.”

“ಹುಣ್ಣಿಮೆ ಪ್ರತಿ ತಿಂಗಳೂ ಬರುತ್ತೆ” ಎಂದು ಗುರುಗಳು ಬನ್ನಿನ ಪೊಟ್ಟಣ ಬಿಚ್ಚಿದರು.

ಮೊದಲ ಶುಕ್ರವಾರ ಷಡಕ್ಷರಿ ಬೇಕರಿಯ ಮುಂದೆ ಪರೀಕ್ಷೆಗೆ ಬಂದವನಂತೆ ನಿಂತ.

“ಎಂಗೈತೆ ಸ್ವಾಮಿ?” ಎಂದ ಚೆಲುವಯ್ಯ.

“ಇನ್ನೂ ಬರೀ ಬ್ರಾಂದಿ.”

“ನನ್ನಂಗೆ” ಎಂದು ಚೆಲುವಯ್ಯ ಒಂದು ಬಿಸಿ ಬನ್ ಕೊಟ್ಟ.

ಎರಡನೇ ತಿಂಗಳು: “ಬಣ್ಣ ದಟ್ಟ ಆಗಿದೆ. ಅಲ್ಲಾಡಿಸಿದರೆ ಕರಿ ಬೀಜ ಮೇಲೆದ್ದು ನಿಧಾನಕ್ಕೆ ಇಳಿಯುತ್ತೆ.”

“ಎಷ್ಟು ನಿಧಾನ?”

“ಒಂದು ಬನ್ ತಿನ್ನೋಷ್ಟು.”

ಕೇಕಿಗೆ ಚೆಲುವಯ್ಯ ಆ ವರ್ಷ ಏಲಕ್ಕಿ ಹಾಕುತ್ತಿದ್ದ. ಗಿರಾಕಿಗಳು ಗೊಣಗುತ್ತಿದ್ದರು, ಇದು ಕೇಕೋ ಪಾಯಸವೋ ಎಂದು. “ಆಶ್ರಮದೋರು ಈ ಸಲ ವ್ರತ ಇಟ್ಟವ್ರೆ” ಎಂದು ಅವನು ಷಡಕ್ಷರಿಯ ಕಡೆ ನೋಡಿ ಹೇಳುತ್ತಿದ್ದ. ಷಡಕ್ಷರಿ ಬನ್ನಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದ.

ಆಷಾಢದ ಒಂದು ಶುಕ್ರವಾರ ಬೇಕರಿಯ ಬಾಗಿಲು ಅರ್ಧ ಮುಚ್ಚಿತ್ತು. ಒಲೆ ಆರಿತ್ತು. ಒಳಗೆ ಚೆಲುವಯ್ಯ ಗೋಡೆಗೊರಗಿ ಕೂತಿದ್ದ.

“ಬಾಟಲಿ—” ಎಂದ ಷಡಕ್ಷರಿ.

“ಇವತ್ತು ಬ್ಯಾಡಿ ಸ್ವಾಮಿ. ಇವತ್ತು ಯಾವ ಬಾಟ್ಲಿ ವಿಷಯಾನೂ ಬ್ಯಾಡ.”

ಷಡಕ್ಷರಿ ವಾಪಸು ಹೊರಟ. ಹೊಸ್ತಿಲ ಹತ್ತಿರ ನಿಂತ. ತಿರುಗಿ ಬಂದು, ಚೆಲುವಯ್ಯನ ಪಕ್ಕದಲ್ಲಿ ಗೋಡೆಗೊರಗಿ ಕೂತ. ಒಳಗೆ ಹೆಂಡದ ವಾಸನೆ ಇರಲಿಲ್ಲ. ಇದ್ದಿದ್ದರೂ ಅವನು ಅವತ್ತು ಕೂರುತ್ತಿದ್ದ.

ಹೊತ್ತು ಇಳಿಯುವ ಮುಂಚೆ ಚೆಲುವಯ್ಯ ಎದ್ದು ಒಲೆಗೆ ಬೆಂಕಿ ಹಾಕಿದ.

ಆಶ್ರಮಕ್ಕೆ ಬಂದು ಷಡಕ್ಷರಿ ಗುರುಗಳಿಗೆ ಹೇಳಿದ. “ಇವತ್ತು ಏನೂ ಹೇಳಲಿಲ್ಲ ಬುದ್ಧಿ. ಸುಮ್ಮನೆ ಕೂತಿದ್ದೆ.”

“ಒಳ್ಳೆಯದಾಯ್ತು” ಎಂದರು ಗುರುಗಳು. ಅಷ್ಟು ಮೆಚ್ಚುಗೆ ಅವರ ಬಾಯಲ್ಲಿ ಅವನು ಹಿಂದೆ ಕೇಳಿರಲಿಲ್ಲ.

ಕಾರ್ತಿಕ ಕಳೆದ ಮೇಲೆ ಕಾಯಿ ಕಿತ್ತರು. ಬಿಸಿನೀರಿನಲ್ಲಿ ಅದ್ದಿ ತೆಗೆದು, ಕಂಬಳಿಯಲ್ಲಿ ಸುತ್ತಿಟ್ಟರು. ದಿನಾ ಒಂದೆರಡು ಗಂಟೆ ಬಿಸಿಲು, ಕಾದಿರುವಾಗಲೇ ಮತ್ತೆ ಕಂಬಳಿ. ವಾರಗಟ್ಟಲೆ ಇದೇ ಕೆಲಸ. ಹಸಿರು ಕಾಯಿ ಕಂದಾಗಿ, ಸುಕ್ಕಾಗಿ, ಕೊನೆಗೆ ಪರಿಮಳ ಬಿಟ್ಟಿತು.

ಹದಿನೆಂಟು ಕಾಯಿ ಬಂದಿದ್ದವು. ಗುರುಗಳು ಹನ್ನೆರಡನ್ನು ಒಂದು ಡಬ್ಬಿಗೆ ಹಾಕಿ, ಆರನ್ನು ಬೇರೆ ಡಬ್ಬಿಗೆ ಹಾಕಿದರು. ಆ ಡಬ್ಬಿಯಲ್ಲಿ ಮೊದಲೇ ಆರು ಇದ್ದವು.

“ಇವು ಯಾರಿಗೆ ಬುದ್ಧಿ?”

“ಹೋದ ವರ್ಷದಿಂದ ತೆಗೆದಿಡ್ತಿದ್ದೀನಿ. ಒಬ್ಬರು ಬರಬೇಕಾಗಿದೆ.”

ಮಾಘದಲ್ಲಿ ಬಳ್ಳಿ ಹೂ ಬಿಟ್ಟಿತು. ಬೆಳಿಗ್ಗೆ ಗುರುಗಳು ಶಿಷ್ಯನ ಕೈಗೆ ಒಂದು ಮುಳ್ಳು ಕೊಟ್ಟರು. ಹೂವಿನೊಳಗಿನ ಸಣ್ಣ ಪರದೆಯನ್ನು ಅದರಿಂದ ಎತ್ತಿ, ಮೆಲ್ಲಗೆ ಒತ್ತಬೇಕು. ಆಗ ಕಾಯಿ ಕಟ್ಟುತ್ತದೆ.

“ದುಂಬಿ ಮಾಡೋದಿಲ್ವಾ ಬುದ್ಧಿ?”

“ಇದರ ದುಂಬಿ ಇದರ ಊರಲ್ಲೇ ಉಳೀತು. ಇಲ್ಲಿ ಯಾರಾದರೂ ಬಂದು ಮುಟ್ಟಬೇಕು. ಒಂದು ಹೂ ಒಂದೇ ಬೆಳಗು ಬಾಗಿಲು ತೆಗೆದಿರುತ್ತೆ. ಮಧ್ಯಾಹ್ನಕ್ಕೆ ಮುಚ್ಕೊಳ್ಳುತ್ತೆ.”

ಷಡಕ್ಷರಿಯ ಕೈ ಹೂವಿನ ಹತ್ತಿರವೇ ನಿಂತಿತು. ಅವನಿಗೆ ಆಶ್ರಮದ ಬಾಗಿಲು ನೆನಪಾಯಿತು.

“ಹೊತ್ತು ಮೀರಿಹೋದ್ರೆ?”

“ಆ ಹೂ ಉದುರುತ್ತೆ. ನಾಳೆ ಇನ್ನೊಂದು ಬಿಡಬಹುದು” ಎಂದರು ಗುರುಗಳು. “ಬಳ್ಳಿ ಬದುಕಿದ್ರೆ.”

ಮತ್ತೆ ಯುಗಾದಿ ಬಂತು. ಮರುದಿನ ಹೊಸತೊಡಕು.

ಷಡಕ್ಷರಿ ಬೆಳಿಗ್ಗೆಯೇ ಅರ್ಕ ಸೋಸಿ, ಬಾಟಲಿ ಒರೆಸಿ, ಬಾಗಿಲಲ್ಲಿ ಬಂದು ನಿಂತ. ಆಚೆ ದಡದಿಂದ ಮಸಾಲೆಯ ಘಮ, ತಮಟೆಯ ಸದ್ದು ಬರುತ್ತಿತ್ತು.

ಹರಿಗೋಲು ಒಂದು ಸಲ ಬಂತು. ಚೆಲುವಯ್ಯ ಇರಲಿಲ್ಲ.

ಇನ್ನೊಂದು ಸಲ ಬಂತು. ಅದರಲ್ಲೂ ಇರಲಿಲ್ಲ.

ಹೊತ್ತು ನೆತ್ತಿಗೆ ಬಂತು. ಷಡಕ್ಷರಿ ಮೆಟ್ಟಿಲವರೆಗೆ ಹೋಗಿ ಆಚೆ ದಡ ನೋಡಿ ಬಂದ. ಒಲೆ ಪಕ್ಕದ ಬಾಟಲಿಯನ್ನು ತಪ್ಪಿಸಿದವನು ತಾನು. ಇವತ್ತು ಆ ಮನುಷ್ಯ ಬರದಿದ್ದರೆ ಅದೂ ತನ್ನ ಕೆಲಸವೇ. ಅವನು ಒಳಗೆ ಹೋಗಿ ಕೂರಲಿಲ್ಲ, ನೀರೂ ಕುಡಿಯಲಿಲ್ಲ.

ಮೂರನೇ ಸಲ ಹರಿಗೋಲು ಬಂದಾಗ ಅದರಲ್ಲಿ ಒಬ್ಬನೇ ಇದ್ದ. ಕೈಯಲ್ಲಿ ಚೀಲವಿತ್ತು.

ಚೆಲುವಯ್ಯ ಒಂದೊಂದೇ ಮೆಟ್ಟಿಲು ಹತ್ತಿ ಬಂದ. ಬಾಗಿಲ ಮುಂದೆ ನಿಂತು ಉಸಿರು ತೆಗೆದುಕೊಂಡ.

“ತಡ ಆಯ್ತು ಸ್ವಾಮಿ. ಬಾಟ್ಲಿ ತಗಂಡು ಅಂಗ್ಡಿ ಮುಂದೆ ನಿಂತ್ಬುಟ್ಟಿದ್ದೆ. ಕಾಲು ಕೀಳಾಕೆ ಆಗ್ನಿಲ್ಲ. ಆಮೇಲೆ, ನೀವು ಬಾಗ್ಲಲ್ಲಿ ಕಾಯ್ತಾ ನಿಂತಿರ್ತೀರಿ ಅನ್ನಿಸ್ತು. ಬಂದ್ಬುಟ್ಟೆ.”

ಷಡಕ್ಷರಿ ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದ.

“ಒಳಗೆ ಬನ್ನಿ” ಎಂದ.

ಒಳಗೆ ಚೆಲುವಯ್ಯ ಗುರುಗಳಿಗೆ ಅಡ್ಡಬಿದ್ದು, ಸೀಲಿನ ಬಾಟಲಿ ಮುಂದಿಟ್ಟ.

“ಹತ್ತಾಯ್ತು ಬುದ್ಧಿ.”

“ಹತ್ತಾಯ್ತಾ” ಎಂದರು ಗುರುಗಳು. ಈ ಸಲ ಷಡಕ್ಷರಿಯ ಮುಖವೂ ಅರಳಿತು.

ಅವನು ಕಂದು ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಚೆಲುವಯ್ಯ ಬಿರಡೆ ತೆಗೆದು, ತಾನು ಮೂಸಲಿಲ್ಲ. ಷಡಕ್ಷರಿಯ ಅಂಗೈ ಹಿಡಿದು ಅದರ ಮೇಲೆ ಒಂದು ತೊಟ್ಟು ಬಿಟ್ಟ.

“ಉಜ್ಜಿ ಮೂಸಿ ಸ್ವಾಮಿ. ನಿಮ್ಮ ಕೈಯಿಂದ್ಲೇ ಆಗಿರೋದು.”

ಷಡಕ್ಷರಿ ಉಜ್ಜಿದ. ಮೂಸಿದ. ಮೊದಲು ಅಪ್ಪನ ಅಂಗಿಯ ವಾಸನೆಯೇ ಬಂತು. ಅವನು ಈ ಸಲ ಮುಖ ತಿರುಗಿಸಲಿಲ್ಲ. ಸ್ವಲ್ಪ ತಾಳಿದ. ಅದರ ಹಿಂದೆ ಇದ್ದದ್ದು ಆಗ ಈಚೆಗೆ ಬಂತು. ಹಬ್ಬದ ದಿನ ಹಾಲು ಕಾಯಿಸಿದ ಮನೆಯಂಥ ಪರಿಮಳ, ಇಡೀ ಅಂಗೈ ತುಂಬ.

ಅವನ ಕಣ್ಣಲ್ಲಿ ನೀರು ಬಂತು. ಅದನ್ನು ಮುಚ್ಚಿಕೊಳ್ಳಲೂ ಇಲ್ಲ.

“ನಂದೊಂದು ವರ್ಸ ನೀವು ಕಾದು ಕೊಟ್ರಿ” ಎಂದು ಚೆಲುವಯ್ಯ ಅವನ ಕಾಲಿಗೆ ಬಗ್ಗಲು ಹೋದ. ಅಷ್ಟರಲ್ಲಿ ಷಡಕ್ಷರಿಯೇ ಬಗ್ಗಿ ಅವನ ಕಾಲು ಮುಟ್ಟಿದ್ದ.

“ಶುಕ್ರವಾರ ಶುಕ್ರವಾರ ನನ್ನನ್ನ ಒಳಗೆ ಕೂರಿಸಿಕೊಂಡ್ರಲ್ಲ ಚೆಲುವಯ್ಯನೋರೆ. ಆ ಉಪಕಾರ ನಾನು ಸಾಯೋವರೆಗೂ ಮರೆಯಲ್ಲ.”

“ಬನ್ ತಿಂದದ್ಕೆ ಉಪಕಾರ ಅಂತೀರಲ್ಲ” ಎಂದ ಚೆಲುವಯ್ಯ.

ಹೊಸ ಕಾಯಿ ಸೀಳಿ, ಹೊಸ ಬಾಟಲಿ ತುಂಬಿಸಿದ್ದಾಯಿತು. ಈ ಸಲ ಸೀಲು ಒಡಿ ಎಂದು ಷಡಕ್ಷರಿಗೆ ಯಾರೂ ಹೇಳಬೇಕಾಗಲಿಲ್ಲ. ಚೆಲುವಯ್ಯ ಅರ್ಕದ ಬಾಟಲಿಯನ್ನು ಮಗುವಿನಂತೆ ಎದೆಗವಚಿಕೊಂಡು ಹರಿಗೋಲು ಹತ್ತಿದ. ಅದು ಆಚೆ ದಡ ಮುಟ್ಟುವವರೆಗೆ ಗುರುಶಿಷ್ಯರಿಬ್ಬರೂ ಮೆಟ್ಟಿಲ ಮೇಲೆ ನಿಂತಿದ್ದರು.

“ಈ ಹುಣ್ಣಿಮೆಗೆ ದೀಕ್ಷೆ ತಗೊಳ್ತೀಯ?” ಎಂದು ಕೇಳಿದರು ಗುರುಗಳು.

ಷಡಕ್ಷರಿ ತಲೆ ತಗ್ಗಿಸಿದ.

“ಬುದ್ಧಿ, ತಮಗೆ ಒಂದು ಹೇಳಿಲ್ಲ. ಎರಡು ವರ್ಷದ ಕೆಳಗೆ ನಮ್ಮಪ್ಪ ಇಲ್ಲಿಗೆ ಬಂದಿದ್ದ. ಕುಡಿದಿದ್ದ. ಒಂಚೂರು ಕೂತ್ಕೊಂಡು ಹೋಗ್ತೀನಿ ಅಂದ. ನಾನು ಬಾಗಿಲಲ್ಲೇ ತಡೆದೆ.”

“ಗೊತ್ತು.”

ಷಡಕ್ಷರಿ ತಲೆಯೆತ್ತಿದ.

“ದನಿ ಕೇಳಿ ಹಿತ್ತಲಿಂದ ಬಂದೆ” ಎಂದರು ಗುರುಗಳು. “ನಾನು ಇಲ್ಲಿಗೆ ಬರೋ ಹೊತ್ತಿಗೆ ಹರಿಗೋಲು ನಡುಹೊಳೇಲಿತ್ತು. ಕೈ ಬೀಸಿದೆ. ಅವರು ತಿರುಗಿ ನೋಡಲಿಲ್ಲ.”

“ಅವತ್ತೇ ನನ್ನನ್ನ ಬೈದು ಕಳಿಸಬೇಕಿತ್ತು ಬುದ್ಧಿ.”

“ಬೈದಿದ್ರೆ ನೀನು ನನಗೋಸ್ಕರ ಹೋಗ್ತಿದ್ದೆ.”

ಹೊಳೆ ಹರಿಯುತ್ತಿತ್ತು. ಆಚೆ ದಡದಲ್ಲಿ ಯಾರೋ ಬೇಕರಿಯ ಒಲೆ ಹೊತ್ತಿಸಿರಬೇಕು, ತೆಳ್ಳಗೆ ಹೊಗೆ ಏಳುತ್ತಿತ್ತು.

“ಬಳ್ಳಿ ಬದುಕಿದೆ ಬುದ್ಧಿ” ಎಂದ ಷಡಕ್ಷರಿ. “ಯುಗಾದಿಗೆ ಮುಂಚೆ ನಮ್ಮೂರಿನವರೊಬ್ಬರು ಸಿಕ್ಕಿ ಹೇಳಿದ್ರು. ಅಪ್ಪ ಅದೇ ಮನೇಲಿದ್ದಾನೆ. ಈ ಹೊತ್ತೇ ಹೊರಡ್ತೀನಿ. ಕರೆದ್ರೆ ಬರ್ತಾನೋ ಇಲ್ವೋ ಗೊತ್ತಿಲ್ಲ. ಬಂದ್ರೆ ಕುಡಿದೇ ಬರ್ತಾನೆ. ದೀಕ್ಷೆ ಆಮೇಲೆ ಇರಲಿ.”

“ಹೋಗು.”

ಷಡಕ್ಷರಿ ಅಡ್ಡಬಿದ್ದು ಎದ್ದ. ಬಟ್ಟೆ ತರಲು ಒಳಗೆ ಹೊರಟ.

“ಷಡಕ್ಷರಿ.”

“ಬುದ್ಧಿ?”

“ಹೋಗೋಕೆ ಮುಂಚೆ, ತೆಗೆದಿಟ್ಟ ಆ ಹನ್ನೆರಡು ಕಾಯಿಗೆ ಇನ್ನೊಂದು ಬಾಟಲಿ ತೊಳೆದು, ಬಿಸಿಲಿಗೆ ಬೋರಲು ಹಾಕಿ ಹೋಗು.”